ಪುಟ್ಟಲಕ್ಷ್ಮಮ್ಮನವರ ಹಳೇ ಹಿಟ್ಟು

ಮೈಸೂರಿನ ಮಂಡಿ ಮೊಹಲ್ಲಾದ ಗಲ್ಲಿಗಳಲ್ಲಿ ಒಬ್ಬ ಯುವಕ ಕ್ಯಾಮೆರಾ ಹಿಡಿದು ಅಲೆಯುತ್ತಿದ್ದ... ಹೆಸರು ನಿಶ್ಚಲ್.

ಹಳೇ ಅಂಗಡಿ, ಹಳೇ ಹೋಟೆಲುಗಳ ವಿಡಿಯೋ ಮಾಡುವುದು ಅವನ ಕೆಲಸ. ಫಾಲೋವರ್ಸ್ ಎರಡು ಲಕ್ಷ... ತಾಳ್ಮೆ ಮಾತ್ರ ಚಿಟಿಕೆಯಷ್ಟೂ ಇರಲಿಲ್ಲ.

ಒಂದು ಮಧ್ಯಾಹ್ನ ಪುಟ್ಟಲಕ್ಷ್ಮಮ್ಮನವರ ಪುಟ್ಟ ಹೋಟೆಲಿಗೆ ಹೋದ. ದೋಸೆ ತಿಂದವನು ಹೇಳದೆ ಕೇಳದೆ ಅಡುಗೆಮನೆಗೆ ನುಗ್ಗಿದ.

ಎಪ್ಪತ್ತು ದಾಟಿದ ಆಕೆ ಎಲ್ಲರೆದುರೇ ಗದರಿ ಹೊರಗೆ ಕಳಿಸಿದರು... ಅವನಿಗೆ ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲೇ ಒಂದು ದೃಶ್ಯ ಅವನ ಕ್ಯಾಮೆರಾಗೆ ಸಿಕ್ಕಿತ್ತು. ಆಗತಾನೇ ರುಬ್ಬಿದ ಹಿಟ್ಟಿಗೆ ಆಕೆ ಹಿಂದಿನ ದಿನದ ಹಿಟ್ಟನ್ನು ಒಂದು ಚೊಂಬಿನಷ್ಟು ಸುರಿಯುತ್ತಿದ್ದರು.

'ಹಳಸಿದ ಹಿಟ್ಟು ಬೆರೆಸುವ ಹೋಟೆಲ್' ಎಂದು ಸಂಜೆಯೇ ವಿಡಿಯೋ ಹಾಕಿದ. ಒಂದೇ ವಾರದಲ್ಲಿ ಐದು ಲಕ್ಷ ಜನ ನೋಡಿದರು... ನೋಡಿದವರೆಲ್ಲ ಉಗಿದರು.

ಒಬ್ಬನಾದರೂ 'ಯಾಕೆ ಹಾಗೆ ಬೆರೆಸುತ್ತಾರೆ' ಎಂದು ಕೇಳಿದನೇ? ಕೇಳಿದರೆ ಬೆರಳು ಸವೆಯುತ್ತಿತ್ತೇನೋ...

ಭಾನುವಾರ ನಿಶ್ಚಲ್ ಅದನ್ನು ಹೆಮ್ಮೆಯಿಂದ ಅಮ್ಮನಿಗೆ ತೋರಿಸಿದ. ನೋಡುತ್ತಾ ನೋಡುತ್ತಾ ಅಮ್ಮನ ಮುಖ ಸಪ್ಪಗಾಯಿತು.

"ನಾನೂ ಹೀಗೇ ಮಾಡೋದಲ್ವೇನೋ... ಹಳೇದು ಸ್ವಲ್ಪ ಬೆರೆಸಿದ್ರೆ ತಾನೆ ಹೊಸ ಹಿಟ್ಟು ಚೆನ್ನಾಗಿ ಹುಳಿ ಬರೋದು? ಇಷ್ಟು ವರ್ಷ ಏನು ತಿಂತಿದೀನಿ ಅಂದ್ಕೊಂಡಿದ್ದೆ?"

ಅವನು ವಿಡಿಯೋ ಡಿಲೀಟ್ ಮಾಡಿ, ಬೈಕ್ ಹತ್ತಿ ಹೋಟೆಲಿಗೆ ಓಡಿದ.

ಬೆಂಚುಗಳೆಲ್ಲ ಖಾಲಿ... ಅವನು ಕೈಮುಗಿದು, ತಪ್ಪಾಯಿತು, ವಿಡಿಯೋ ತೆಗೆದುಹಾಕಿದ್ದೇನೆ ಎಂದ. ಕ್ಷಮಿಸಿದೆ ಎಂಬ ಮಾತು ಆಕೆಯ ಬಾಯಿಂದ ಬರಲಿಲ್ಲ.

"ಆ ಹಿಟ್ಟು ನಮ್ಮತ್ತೆ ಕೈಯಿಂದ ಬಂದಿದ್ದು. ದಿನಾ ಒಂದು ಚೊಂಬು ಎತ್ತಿಟ್ಟು, ಮಾರನೇ ದಿನದ್ದಕ್ಕೆ ಬೆರೆಸ್ತಾ ಐವತ್ತು ವರ್ಷ ಉಳಿಸ್ಕೊಂಡು ಬಂದಿದ್ದೆ. ಜನ ಬಂದು ಗಲಾಟೆ ಮಾಡಿದ್ರು ಅಂತ ನನ್ನ ಮಗ ಹೆದರಿ ಎಲ್ಲಾನೂ ಮೋರಿಗೆ ಸುರಿದ. ನಿನ್ನ ವಿಡಿಯೋ ಅಳಿಸಿದೆ ಸರಿ... ಅದನ್ನ ಎಲ್ಲಿಂದ ತಂದುಕೊಡ್ತೀಯಪ್ಪ?"

ಅವನು ಖಾಲಿ ಬೆಂಚೊಂದರ ಮೇಲೆ ಕುಳಿತ.

ಆಕೆ ಆಗಷ್ಟೇ ರುಬ್ಬಿದ ಹಿಟ್ಟಿನಿಂದ ಒಂದು ದೋಸೆ ಹುಯ್ದು ತಂದು ಅವನ ಮುಂದೆ ಕುಕ್ಕಿದರು.

"ತಿನ್ನು. ಹಳೇದು ಒಂದು ತೊಟ್ಟೂ ಬೆರೆಸಿಲ್ಲ. ನೀನು ಕೇಳಿದ ಹಾಗೇ ಮಾಡಿದೀನಿ."

ದೋಸೆ ಸಪ್ಪೆಯಾಗಿತ್ತು, ರಬ್ಬರಿನಂತೆ ಬಿಗಿಯಾಗಿತ್ತು. ಎರಡನೇ ತುತ್ತಿಗೇ ಅವನ ಕಣ್ಣಲ್ಲಿ ನೀರು ಬಂತು...

ಏಳಲು ಹೋದವನಿಗೆ, ಪೂರ್ತಿ ತಿಂದು ಏಳು ಎಂದರು. ಅವನು ಅಳುತ್ತಲೇ ತಿಂದ. ಕೊನೆಯ ಚೂರು ಮುಗಿಯುವವರೆಗೂ ಆಕೆ ಎದುರಿಗೇ ನಿಂತಿದ್ದರು. ಒಂದು ಲೋಟ ನೀರೂ ಕೊಡಲಿಲ್ಲ.

ಗೊತ್ತಿಲ್ಲದ್ದನ್ನು ಕೇಳಿ ತಿಳಿಯಲು ಒಂದು ನಿಮಿಷ ಸಾಕು... ತಿಳಿಯದೆ ಕೆಡಿಸಿದ್ದನ್ನು ಮತ್ತೆ ಕಟ್ಟಲು ಒಂದು ಜನ್ಮ ಸಾಲದು.

ಇವತ್ತು ಬೆಳಗ್ಗೆ ನೀವು ಬೈದು ಫಾರ್ವರ್ಡ್ ಮಾಡಿದ ವಿಡಿಯೋ... ಅದು ನಿಜವೇ ಎಂದು ಯಾರನ್ನಾದರೂ ಕೇಳಿದ್ದಿರಾ?