ಪಟ್ಟಿಯಲ್ಲಿಲ್ಲದ ಡಾಕ್ಟರು

ಆಸ್ಪತ್ರೆಯ ಫೀಸನ್ನು ಕಥೆಯಲ್ಲೇ ಕಟ್ಟಬೇಕಿತ್ತು. ಕೌಂಟರಿನಲ್ಲಿ ಒಮ್ಮೆ ಹೇಳಿದ ಕಥೆ ಹೇಳಿದವರ ನೆನಪಿನಿಂದ ಅಳಿಸಿಹೋಗುತ್ತಿತ್ತು. ವಿಮೆಯ ಪಟ್ಟಿಯಲ್ಲಿರುವ ಡಾಕ್ಟರಿಗೆ ಒಂದು ಕಥೆ ಸಾಕು, ಪಟ್ಟಿಯ ಹೊರಗಿನವರಿಗೆ ಹತ್ತು. ಶಿವಲೀಲಾ ಮಗಳ ಅಪೆಂಡಿಕ್ಸ್ ಆಪರೇಷನ್ನಿಗೆ ಮೊದಲೇ ಆಸ್ಪತ್ರೆಯನ್ನೂ ಸರ್ಜನ್ನರನ್ನೂ ಪಟ್ಟಿಯಲ್ಲಿ ಬೆರಳಿಟ್ಟು ಹುಡುಕಿ ನಿಶ್ಚಿಂತಳಾಗಿದ್ದಳು.

“ಅರಿವಳಿಕಿ ಕೊಟ್ಟ ಡಾಕ್ಟರು ಪಟ್ಟಿಯೊಳಗಿಲ್ರಿ ಅಕ್ಕಾರ,” ಎಂದಳು ಕೌಂಟರಿನಾಕೆ.

“ಅವರನ್ನ ನಾ ಕರದಿದ್ನೇನವಾ?”

“ಇಲ್ಲ ಖರೆ. ಆದ್ರೂ ಸರ್ಜನ್‌ದೊಂದು, ಅವರದು ಹತ್ತು.”

ಅಜ್ಜಿ ಅವಳಿಗೆ ಬಿಟ್ಟುಹೋಗಿದ್ದೇ ಹನ್ನೊಂದು ಕಥೆ. ಶಿವಲೀಲಾ ಏಳು ಸಮುದ್ರದಾಚೆಯ ಗಿಳಿಯ ಕಥೆಯಿಂದ ಶುರು ಮಾಡಿದಳು.

ಸಂಜೆ ಎಚ್ಚರಗೊಂಡ ಮಗಳು ಅವಳ ಸೆರಗು ಹಿಡಿದು, “ಅವ್ವಾ, ಭಾಳ ನೋಯಾಕತ್ತೈತಿ. ಗಿಳಿ ಕಥಿ ಹೇಳ,” ಎಂದಳು.

ಶಿವಲೀಲಾ ಅವಳ ಹಣೆ ಸವರುತ್ತ ಕೇಳಿದಳು, “ಯಾವ ಗಿಳಿ, ಕೂಸ?”