ಅಳೆದ ನೀರು

ಮಳೆಮಾಪಕದ ಲಾಳಿಕೆ ಎತ್ತಿದ ಶೈಲಶ್ರೀಯ ಕೈ ಅಲ್ಲೇ ನಿಂತಿತು. ಒಳಗಿನ ಸೀಸೆಯಲ್ಲಿ ನೀರಿತ್ತು. ಕುಪ್ಪೇಲೂರಿನ ಪಂಚಾಯತಿ ಅಂಗಳದಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ರಾಣೆಬೆನ್ನೂರಿನ ತಾಲೂಕು ಕಚೇರಿಗೆ ತಿಳಿಸುವುದು ಅವಳ ಕೆಲಸ. ಈ ಮುಂಗಾರಿನಲ್ಲಿ ಸೊನ್ನೆ ಬಿಟ್ಟು ಬೇರೇನೂ ಬರೆದಿರಲಿಲ್ಲ. ತಲೆಯೆತ್ತಿ ನೋಡಿದಳು. ಎಲ್ಲಿಯೂ ಒಂದು ಮೋಡವಿಲ್ಲ. ಕಾಲಡಿಯ ಮಣ್ಣು ನಿನ್ನೆಯಂತೆಯೇ ಬಿರಿದಿತ್ತು.

"ನಾನ ಹಾಕೇನಿ, ತಂಗಿ." ಕೊಡ, ತಂಬಿಗೆ ಇಟ್ಟುಕೊಂಡು ನೀರಿನ ಟ್ಯಾಂಕರಿಗಾಗಿ ಕಾಯುತ್ತ ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿ ಪ್ರೇಮವ್ವ ಹೇಳಿದಳು. "ದಿನಾ ಇದರೊಳಗ ಹಣಿಕಿ ಹಾಕಿ ಇಲ್ಲ ಅಂತ ಬರಕೊಂಡು ಹೋಗ್ತಿ. ಮನ್ಯಾಗ ಜ್ವಾಳ ತೀರಿದ್ರೂ ನಾವು ಇಲ್ಲ ಅನ್ನೂದಿಲ್ಲ, ಹೆಚ್ಚಿಗಿ ಆಗೇತಿ ಅಂತೀವಿ. ದಿನಾ ಇಲ್ಲ ಇಲ್ಲ ಅಂದ್ರ ಮಳಿ ಹೆಂಗ ಬರಬೇಕು?"

ಶೈಲಶ್ರೀಗೆ ಸಿಟ್ಟು ನೆತ್ತಿಗೇರಿತು. "ಇದನ್ನ ಬರದ್ರ ಊರಿಗೆ ಮಳಿ ಆಗೇತಿ ಅಂತಾರಬೇ. ಬರದ ಪಟ್ಟಿಯಿಂದ ನಮ್ಮೂರ ಹೆಸರು ತಗದು ಟ್ಯಾಂಕರ್ ಬಂದ್ ಮಾಡ್ತಾರ. ಆಮ್ಯಾಲ ಎಲ್ಲಾರೂ ಏನ್ ಕುಡೀಬೇಕು?"

ಪ್ರೇಮವ್ವ ಗಾಬರಿಯಾಗಿ ಸೆರಗನ್ನು ಬಾಯಿಗೊತ್ತಿಕೊಂಡಳು. "ಯಾರ ಪಾಲಿಂದೂ ಅಲ್ಲ ತಂಗಿ," ಎಂದಳು. "ನಾ ಕುಡಿಯೂ ನೀರು ಅದು."

ಶೈಲಶ್ರೀ ಆ ದಿನಕ್ಕೂ ಸೊನ್ನೆಯನ್ನೇ ಬರೆದಳು. ಮಳೆ ಬಂದ ವರ್ಷಗಳಲ್ಲಿ ಅಳೆದ ನೀರನ್ನು ತಿರುಗಿಯೂ ನೋಡದೆ ಅಂಗಳಕ್ಕೆ ಚೆಲ್ಲಿ ಹೋಗುತ್ತಿದ್ದವಳು, ಈಗ ಮುದುಕಿಯ ತಂಬಿಗೆಯ ಮೇಲೆ ಸೀಸೆ ಬಗ್ಗಿಸಿದಳು. ಅಂಚಿಗೆ ಅಂಟಿಕೊಂಡ ಕೊನೆಯ ಹನಿ ಬೀಳುವವರೆಗೂ ಕೈ ಅಲುಗಿಸದೆ ಕಾದಳು.