ಮೀಸೆಯ ಗೋಂದು

ಅಂಟಿಸುವ ಮೀಸೆಯ ಗೋಂದಿನ ವಾಸನೆ ಬಂದರೆ ಈಗಲೂ ನನಗೆ ಡೊಂಬಿವಲಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮ ಕನ್ನಡ ಸಂಘದ ನಾಟಕದಲ್ಲಿ ಅಪ್ಪನದು ಅಣ್ಣನನ್ನು ಕೊಂದು ಪಟ್ಟವೇರಿದ ರಾಜನ ಪಾತ್ರ. ಮೊದಲು ಆ ಪಾತ್ರ ವಿಜಯಪುರದ ಬಿರಾದಾರ ಮಾಮನದಾಗಿತ್ತು. "ಅವರ ಭಾಷೆ ರಾಜನಿಗೆ ಹೊಂದುವುದಿಲ್ಲ ಮಾರಾಯ್ರೆ" ಎಂದು ಅಪ್ಪ ಕಾರ್ಯದರ್ಶಿಗೆ ಫೋನಿನಲ್ಲಿ ಹೇಳಿದ್ದನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದೆ. ಮಾಮ ಜಗಳವಾಡಲಿಲ್ಲ. ಪರದೆಯ ಹಿಂದೆ ಪುಸ್ತಕ ಹಿಡಿದು, ಮರೆತವರಿಗೆ ಮಾತು ಹೇಳಿಕೊಡುವ ಕೆಲಸ ಒಪ್ಪಿಕೊಂಡರು.

ಕೊನೆಯ ದೃಶ್ಯದಲ್ಲಿ ಗಾಯಗೊಂಡ ರಾಜ ಸಿಂಹಾಸನದ ಕಾಲು ಹಿಡಿದು ಮಾತಾಡಬೇಕಿತ್ತು. ಆಗ ಯಾರದೋ ಮೊಬೈಲ್ ಕೂಗಿತು. ಅಪ್ಪನಿಗೆ ಮಾತು ಮರೆತುಹೋಯಿತು. ಮಾಮ ಪಿಸುಗುಟ್ಟಿದರು. ಅಪ್ಪ ಸುಮ್ಮನಿದ್ದರು. ಮಾಮ ಈ ಸಲ ದನಿಯೆತ್ತಿ ಹೇಳಿದರು: "ಅಣ್ಣಾ, ಸಿಂಹಾಸನ ಸಿಕ್ಕಿತು, ಕೂರುವ ಧೈರ್ಯ ಸಿಗಲಿಲ್ಲ." ಅಚ್ಚಿನ ಪುಸ್ತಕದಂಥ ಆ ಕನ್ನಡ ಹಿಂದಿನ ಸಾಲಿಗೂ ಕೇಳಿತು. ಜನ ಚಪ್ಪಾಳೆ ತಟ್ಟಿದರು. ಅಪ್ಪ ಆ ಮಾತನ್ನು ಹೇಳಲೇ ಇಲ್ಲ, ಹಾಗೇ ಕುಸಿದರು.

ಬಣ್ಣದ ಕೋಣೆಯಲ್ಲಿ ಮಾಮನೇ ಕೊಬ್ಬರಿ ಎಣ್ಣೆ ಹಚ್ಚಿ ಅಪ್ಪನ ಮೀಸೆ ಬಿಡಿಸಿದರು. "ಜಗ್ಗಬ್ಯಾಡ್ರಿ, ತೊಗಲು ಕಿತ್ತ ಬರ್ತದ. ತಡೀರಿ, ನಾ ತಗೀತೀನಿ."

ಮನೆಗೆಂದು ಶಹಾಡ್‌ಗೆ ಹೊರಟ ಲೋಕಲ್ ರೈಲಿನಲ್ಲಿ ಅಪ್ಪನಿಗೂ ನನಗೂ ನಡುವೆ ಒಂದು ಸೀಟು ಖಾಲಿಯಿತ್ತು. ಅಪ್ಪ ಕಿಟಕಿಯತ್ತ ತಿರುಗಿ, ತುಟಿಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದರು.

"ನೋವಾಯ್ತಾ ಅಪ್ಪಾ?" ಎಂದೆ.

"ಇಲ್ಲ ಮಗಾ" ಎಂದರು. "ಅವರು ನೋವೇ ಮಾಡಲಿಲ್ಲ."